ಘಟ್ಟಕ್ಕೆ ಒಂದೇ ಪ್ರಾಧಿಕಾರ ಬೇಕು

2024ರ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಆಗಿನ್ನೂ ಎರಡೂವರೆ ತಿಂಗಳಾಗಿರಲಿಲ್ಲ. ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ಭೂಕುಸಿತದಲ್ಲಿ ನಾಪತ್ತೆಯಾದವರ ಲೆಕ್ಕ ಮುಗಿದಿರಲಿಲ್ಲ. ಮಲೆನಾಡಿನ ಜನರ ಹಿತಕ್ಕಾಗಿ ಈ ತೀರ್ಮಾನ ಎಂಬ ಸಮರ್ಥನೆಯನ್ನು ನಾನು ಒಪ್ಪಲಾರೆ.

ಶಿರೂರಿನಲ್ಲಿ ಆದದ್ದೇನು? ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದರು. ಜುಲೈ 16ರ ಬೆಳಿಗ್ಗೆ ಜಾರಿ ಬಂದ ಮಣ್ಣು ರಸ್ತೆಬದಿಯ ಚಹಾ ಅಂಗಡಿಯನ್ನೂ ನಿಂತಿದ್ದ ಲಾರಿಯನ್ನೂ ಗಂಗಾವಳಿ ನದಿಗೆ ತಳ್ಳಿತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಸತ್ತವರೆಲ್ಲ ಸಾಮಾನ್ಯ ಜನ. ಗುಡ್ಡ ಕಡಿಯುವ ಮೊದಲು ಆ ಊರಿನ ಗ್ರಾಮಸಭೆಯ ಒಪ್ಪಿಗೆ ಕೇಳಬೇಕೆಂಬ ನಿಯಮವನ್ನು ಯಾವ ಸರ್ಕಾರವೂ ತಂದಿಲ್ಲ.

ವರದಿ ಜಾರಿಯಾದರೆ ತೋಟ ಹೋಗುತ್ತದೆ, ಮನೆ ರಿಪೇರಿಗೂ ಬಿಡುವುದಿಲ್ಲ ಎಂದು ಊರೂರಲ್ಲಿ ಹೆದರಿಸಿದವರು, ಅದನ್ನು ಆಧರಿಸಿ ಕೇಂದ್ರ ಹೊರಡಿಸಿದ 2024ರ ಜುಲೈ 31ರ ಕರಡು ಅಧಿಸೂಚನೆಯನ್ನು ಓದಲಿ. ಆರು ರಾಜ್ಯಗಳ ಸುಮಾರು 56,825 ಚದರ ಕಿಲೋಮೀಟರ್ ಅದರ ವ್ಯಾಪ್ತಿಯಲ್ಲಿದೆ. ಕರ್ನಾಟಕದ ಪಾಲು 20,668. ಅದು ತಡೆಯಲು ಹೊರಟಿರುವುದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಕೈಗಾರಿಕೆ ಮತ್ತು ಭಾರೀ ಕಟ್ಟಡಗಳನ್ನು. ಅಡಿಕೆ, ಕಾಫಿ ಬೆಳೆಯುವುದನ್ನಲ್ಲ.

ಹಾಗೆಂದು ಜನರ ಭಯವನ್ನು ತಳ್ಳಿಹಾಕುವ ಪರಿಸರವಾದಿಗಳ ಜೊತೆಗೂ ನಾನಿಲ್ಲ. ನಾಗರಹೊಳೆಯ ಹಾಡಿಗಳಿಂದ ಆದಿವಾಸಿಗಳನ್ನು ಒಕ್ಕಲೆಬ್ಬಿಸಿದ್ದು ಕಾಡಿನ ಹೆಸರಲ್ಲೇ. ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಸೊಪ್ಪಿನ ಬೆಟ್ಟದ ಮೇಲಿನ ಹಕ್ಕೇನಾಗುತ್ತದೆಂದು ಶಿರಸಿಯ ರೈತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ, ಉತ್ತರ ಲಿಖಿತವಾಗಿ ಬರಬೇಕು.

ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ಇದಕ್ಕೊಂದು ದಾರಿ ತೋರಿತ್ತು. ಇಡೀ ಘಟ್ಟಕ್ಕೆ ಒಂದು ಪ್ರಾಧಿಕಾರ, ಅದರ ಕೆಳಗೆ ರಾಜ್ಯ ಮತ್ತು ಜಿಲ್ಲಾ ಸಮಿತಿಗಳು, ಯಾವ ಪರಿಸರ ಸೂಕ್ಷ್ಮ ವಲಯ ಎಲ್ಲಿ ಎಂಬ ಅಂತಿಮ ತೀರ್ಮಾನದಲ್ಲಿ ಗ್ರಾಮಸಭೆಯ ಮಾತು. ಅದರ ನಂತರ ಬಂದ ಕಸ್ತೂರಿರಂಗನ್ ಸಮಿತಿ ಆ ಪ್ರಾಧಿಕಾರವನ್ನೇ ಕೈಬಿಟ್ಟಿತು. ಉಳಿದದ್ದು ನಕ್ಷೆಯೊಂದೇ. ಅದನ್ನು ಹಿಡಿದು ರಾಜ್ಯಗಳು ಕೇಂದ್ರದೊಂದಿಗೆ ತಮ್ಮ ತಮ್ಮ ಹಳ್ಳಿಗಳ ಚೌಕಾಸಿಗಿಳಿದವು. 2014ರಿಂದ ಆರು ಕರಡುಗಳು ಬಂದವು, ಅಂತಿಮ ಆದೇಶವಾಗದೆ ಹತ್ತು ವರ್ಷ ಕಳೆಯಿತು.

ರಾಜ್ಯ ರಾಜ್ಯಗಳು ಬೇರೆಯಾಗಿ ಈ ಕೆಲಸ ಮಾಡಲಾರವು. ನಾಗರಹೊಳೆಯ ಆನೆ ವಯನಾಡಿಗೂ ಮುದುಮಲೈಗೂ ನಡೆದುಹೋಗುತ್ತದೆ; ಅದರ ದಾರಿಯಲ್ಲಿ ಏಳುವ ರೆಸಾರ್ಟಿನ ಬಗ್ಗೆ ಮೂರು ಸರ್ಕಾರಗಳು ಮೂರು ತೀರ್ಮಾನ ಮಾಡುತ್ತವೆ. ಮಹದಾಯಿ ನದಿಯ ನೀರಿಗೆ ಗೋವಾ, ಕರ್ನಾಟಕ ನ್ಯಾಯಮಂಡಳಿಯವರೆಗೆ ಹೋದವು; ಆ ನೀರು ಹುಟ್ಟುವ ಕಾಡನ್ನು ಕೂಡಿ ಕಾಯಲು ಕಟ್ಟಿದ ಸಂಸ್ಥೆ ಒಂದೂ ಇಲ್ಲ. ಇತ್ತ, ರೈತರ ಹೆಸರು ಹೇಳಿ ವರದಿ ತಿರಸ್ಕರಿಸಿದ ನಮ್ಮದೇ ಸರ್ಕಾರ ಶರಾವತಿಯ ಸಿಂಗಳೀಕ ಅಭಯಾರಣ್ಯದಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗೆ ಹಟ ಹಿಡಿದಿದೆ. ಅಲ್ಲಿನ ರೈತರೇ ಅದನ್ನು ವಿರೋಧಿಸುತ್ತಿದ್ದಾರೆ.

ಆದ್ದರಿಂದ ಮುಂದಿನ ಕರಡು ಸಂಪುಟದ ಮೇಜಿಗೆ ಹೋಗುವ ಮೊದಲು ಕನ್ನಡದಲ್ಲಿ ಪ್ರತಿ ಗ್ರಾಮಸಭೆಗೆ ಬರಲಿ. ಅರಣ್ಯ ಹಕ್ಕಿನ ಬಾಕಿ ಅರ್ಜಿಗಳು ಮೊದಲು ಇತ್ಯರ್ಥವಾಗಲಿ. ಆರು ರಾಜ್ಯಗಳ ಪ್ರಾಧಿಕಾರ ರಚನೆಯಾಗಲಿ, ಅದರಲ್ಲಿ ಘಟ್ಟದ ಪಂಚಾಯಿತಿಗಳಿಗೆ ಮತದಾನದ ಹಕ್ಕಿರಲಿ. ಗುಡ್ಡ ಕಡಿಯುವ ಯಾವ ಕಾಮಗಾರಿಯನ್ನಾದರೂ ನಿಲ್ಲಿಸುವ ಅಧಿಕಾರವೂ ಅದಕ್ಕಿರಲಿ, ಕಡಿಯುವವರು ಸರ್ಕಾರದವರೇ ಆಗಿದ್ದರೂ.