ಮಿಯಾಗಿಯ ಇಂಗ್ಲಿಷು, ನಮ್ಮ 'ಎಂತ ಮಾರಾಯ್ರೆ'

ಕಾರ್ಕಳದ ಹತ್ತಿರದ ಹಳ್ಳಿಯವ ನಾನು. ಮಣಿಪಾಲದಲ್ಲಿ ಬಿಇ ಓದುವಾಗ 1984ರ 'ದಿ ಕರಾಟೆ ಕಿಡ್' ನೋಡಿ, ಜಪಾನಿ ಗುರು ಮಿಯಾಗಿಯ ಮುರುಕು ಇಂಗ್ಲಿಷನ್ನು ಹಾಸ್ಟೆಲಿಡೀ ಅಣಕಿಸಿ ನಗಿಸಿದವನೂ ನಾನೇ.

ಆಮೇಲೆ ಗೊತ್ತಾಯ್ತು. ಆ ಪಾತ್ರ ಮಾಡಿದ ಪ್ಯಾಟ್ ಮೊರಿಟಾ ಹುಟ್ಟಿದ್ದೇ ಕ್ಯಾಲಿಫೋರ್ನಿಯಾದಲ್ಲಿ. ಅವರದ್ದು ಅಪ್ಪಟ ಅಮೆರಿಕದ ಇಂಗ್ಲಿಷು. ಎರಡನೇ ಮಹಾಯುದ್ಧದ ಕಾಲದಲ್ಲಿ, ಬೆನ್ನುಮೂಳೆಯ ಕ್ಷಯ ವಾಸಿಯಾಗಿ ಆಸ್ಪತ್ರೆಯಿಂದ ಹೊರಬಂದ ಆ ಹುಡುಗನನ್ನು, ಜಪಾನಿ ಮೂಲದವನೆಂದು ಅವನ ದೇಶವೇ ಬಂಧನ ಶಿಬಿರಕ್ಕೆ ಕಳಿಸಿತ್ತು. ಮುಂದೆ ಆಸ್ಕರ್ ನಾಮನಿರ್ದೇಶನ ತಂದುಕೊಟ್ಟ ಪಾತ್ರಕ್ಕೂ ಅವರು ನಾಲಗೆ ತಿರುಚಿಕೊಳ್ಳಬೇಕಾಯ್ತು. ಅದಾದರೂ ಮರ್ಯಾದೆಯ ಪಾತ್ರ. 1961ರ 'ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್'ನಲ್ಲಿ ಬಿಳಿಯ ನಟ ಮಿಕಿ ರೂನಿ ಉಬ್ಬುಹಲ್ಲು ಹಾಕಿಕೊಂಡು ಜಪಾನಿಯಾಗಿ ಅರಚಿದ್ದರು. ಕಾಮಿಡಿಯಂತೆ!

ಹಾಲಿವುಡ್ಡಿಗೆ ಬೈದು ಮುಗಿಸುವ ಹಾಗಿಲ್ಲ. ನಮ್ಮ ಸಿನಿಮಾಗಳಲ್ಲಿ ಎಷ್ಟು ಸಲ ಉಡುಪಿಯವ ಅಂದ್ರೆ ಹೋಟೆಲ್ ಭಟ್ರು, ಬಾಯಿಬಿಟ್ಟರೆ 'ಎಂತ ಮಾರಾಯ್ರೆ'! ಕಾಪು, ಕಾರ್ಕಳದ ಹೆಚ್ಚಿನ ಮನೆಗಳಲ್ಲಿ ಆಡುವುದು ತುಳು. ಕನ್ನಡ ನಾವು ಶಾಲೆಯಲ್ಲಿ ಕಲಿತದ್ದು. ಕಲಿತು ಮಾತಾಡಿದ್ದೇ ತಪ್ಪಾ? ಬೆಂಗಳೂರಿನ ಆಫೀಸಿನಲ್ಲಿ ನಾನು ಬಾಯಿ ತೆರೆದರೆ ಯಾರಾದರೊಬ್ಬ 'ಎಂತದು ಮಾರಾಯ' ಅಂತಾನೆ. ನಾನೂ ನಗ್ತೇನೆ. ಆ ನಗು ಮೊರಿಟಾರ ಉಚ್ಚಾರದಂಥದ್ದೇ, ಹೊಟ್ಟೆಪಾಡಿಗೆ ಹಾಕಿಕೊಂಡದ್ದು.

'ಬರೀ ತಮಾಷೆ, ಬಿಡಿ' ಅನ್ನುವವರು 2014ರ 'ಉಳಿದವರು ಕಂಡಂತೆ' ನೋಡಲಿ. ಅದರಲ್ಲಿ ಹೀರೋನೇ ಮಲ್ಪೆಯ ಕನ್ನಡ ಆಡ್ತಾನೆ. ನಗು ಬರುವುದು ಅವನ ಮಾತಿಗೆ, ಉಚ್ಚಾರಕ್ಕಲ್ಲ. ಅಷ್ಟು ಸಾಕು ನಮಗೆ.