ಒದ್ದೆ ನೆಲದ ಹೂಮಡಿ

ಬಾವಿಕಟ್ಟೆಯ ಮಗ್ಗುಲು, ಬಚ್ಚಲ ನೀರು ಹರಿಯುವ ದಾರಿ — ಅನೇಕ ಮನೆಗಳ ಹಿತ್ತಲಲ್ಲಿ ಈ ಸ್ಥಳಗಳು ಕೆಸರಿಗೂ ಸೊಳ್ಳೆಗೂ ಮೀಸಲಾಗಿರುತ್ತವೆ. ಅಲ್ಲಿ ನೆಟ್ಟ ಗುಲಾಬಿ, ಸೇವಂತಿಗೆಗಳು ಬೇರು ಕೊಳೆತು ಸಾಯುವುದರಿಂದ, ಆ ನೆಲ ಹೂವಿಗೆ ತಕ್ಕುದಲ್ಲವೆಂದು ಮನೆಯವರು ಕೈಬಿಡುವುದುಂಟು. ಆದರೆ ತೇವವನ್ನೇ ಬಯಸುವ, ಒಮ್ಮೆ ನೆಟ್ಟರೆ ವರ್ಷವರ್ಷವೂ ಅರಳುವ ಗಿಡಗಳಿಗೆ ಅದೇ ಒಳ್ಳೆಯ ನೆಲೆ.

ತೇವ ಬೇರೆ, ನಿಂತ ನೀರು ಬೇರೆ. ನೀರು ನಿಂತರೆ ಮಣ್ಣಿನೊಳಗಿನ ಗಾಳಿ ತೊಲಗಿ ಬೇರಿಗೆ ಉಸಿರು ಕಟ್ಟುತ್ತದೆ. ಸೊಳ್ಳೆಯೂ ಅಲ್ಲಿಯೇ ಮೊಟ್ಟೆಯಿಡುತ್ತದೆ. ಆದುದರಿಂದ ಒಂದು ಅಡಿ ಆಳ ಅಗೆದು, ಕಳಿತ ಸಗಣಿಗೊಬ್ಬರವನ್ನೂ ಎಲೆಗೊಬ್ಬರವನ್ನೂ ಬೆರೆಸಿ, ಮಡಿಯನ್ನು ನಾಲ್ಕೈದು ಅಂಗುಲ ಎತ್ತರಿಸಬೇಕು. ನೀರು ಬದಿಯ ಕಾಲುವೆಯಲ್ಲಿ ಹರಿದು ಇಂಗಬೇಕು. ಸ್ನಾನದ ನೀರು ಆಗಬಹುದು. ಬ್ಲೀಚಿಂಗ್ ಪುಡಿ ಬೆರೆತ ನೀರು ಸಲ್ಲದು.

ಬಿಸಿಲು ಬೀಳುವ ಕಡೆ, ಹಿಂದಿನ ಸಾಲಿಗೆ ಕ್ಯಾನಾ ಯೋಗ್ಯ. ಎರಡು ಮೂರು ಕಣ್ಣುಗಳುಳ್ಳ ಗೆಡ್ಡೆಗಳನ್ನು ಎರಡಡಿ ಅಂತರದಲ್ಲಿ, ಮೂರು ಅಂಗುಲ ಆಳದಲ್ಲಿ ನೆಡಬೇಕು. ದಳಗಳೆಂದು ಕಣ್ಸೆಳೆಯುವ ಇದರ ಬಣ್ಣದ ಭಾಗಗಳು ನಿಜಕ್ಕೂ ರೂಪಾಂತರಗೊಂಡ ಕೇಸರಗಳು. ಹೂ ಮುಗಿದ ಕಾಂಡವನ್ನು ಬುಡಕ್ಕೆ ಕತ್ತರಿಸಿದರೆ ಹೊಸ ಚಿಗುರಿಗೆ ಅವಕಾಶವಾಗುತ್ತದೆ. ಎಲೆಗಳಲ್ಲಿ ಹಳದಿ ಗೆರೆಗಳು ಮೂಡಿ ಗಿಡ ಕುಗ್ಗುತ್ತಿದ್ದರೆ ಅದು ನಂಜುರೋಗವಿರಬಹುದು. ಅಂಥ ಗಿಡವನ್ನು ಗೆಡ್ಡೆಸಹಿತ ಕಿತ್ತುಹಾಕಬೇಕು, ನೆರೆಯವರಿಗೆ ಹಂಚಬಾರದು.

ಅರೆನೆರಳಿನ ಕಡೆ ಸುರುಳಿ ಸುಗಂಧಿ ಚೆನ್ನಾಗಿ ಬೆಳೆಯುತ್ತದೆ. ಶುಂಠಿಯ ಕುಲಕ್ಕೆ ಸೇರಿದ ಈ ಗಿಡದ ಬೆಳ್ಳನೆಯ ಹೂವು ಚಿಟ್ಟೆಯಂತೆ ರೆಕ್ಕೆ ಬಿಚ್ಚಿ, ಸಂಜೆಯಾದಂತೆ ಹಿತ್ತಲನ್ನೆಲ್ಲ ಕಂಪಿನಿಂದ ತುಂಬುತ್ತದೆ. ಏಷ್ಯದ ಈ ಹೂ ಇಂದು ದೂರದ ಕ್ಯೂಬಾದ ರಾಷ್ಟ್ರೀಯ ಪುಷ್ಪ. ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆ ಹೊದಿಸಿದರೆ ತೇವ ಆರದು. ಮುಂದಿನ ಸಾಲಿಗೆ ಬಿಳಿಯ ಸ್ಪೈಡರ್ ಲಿಲ್ಲಿ ಒಪ್ಪುತ್ತದೆ.

ಎರಡು ಮೂರು ವರ್ಷಗಳಲ್ಲಿ ಗೆಡ್ಡೆಗಳು ಒತ್ತೊತ್ತಾಗಿ ಹೂ ಕಡಮೆಯಾಗುತ್ತದೆ. ಮುಂಗಾರಿನ ಮೊದಲಲ್ಲಿ ಅವನ್ನು ಬಿಡಿಸಿ ನೆಡುವುದು ಲೇಸು. ಮಿಕ್ಕ ಗೆಡ್ಡೆಗಳನ್ನು ಹಳ್ಳಕ್ಕೋ ಕೆರೆಯಂಚಿಗೋ ಎಸೆಯುವುದು ಮಾತ್ರ ತರವಲ್ಲ. ತೋಟದಿಂದ ತಪ್ಪಿಸಿಕೊಂಡ ಇದೇ ಸುಗಂಧಿ ಬ್ರೆಜಿಲ್, ಹವಾಯಿಗಳ ತೊರೆಗಳ ದಡದಲ್ಲಿ ದಟ್ಟವಾಗಿ ಹಬ್ಬಿ, ಅಲ್ಲಿನ ಸ್ವಂತ ಸಸ್ಯಗಳಿಗೆ ನೆಲವಿಲ್ಲದಂತೆ ಮಾಡಿದೆ. ಬೇಡದ ಗೆಡ್ಡೆಯನ್ನು ಚೂರು ಮಾಡಿ, ಬಿಸಿಲಲ್ಲಿ ಪೂರ್ತಿ ಒಣಗಿಸಿದ ಮೇಲೆಯೇ ಗೊಬ್ಬರದ ಗುಂಡಿಗೆ ಹಾಕತಕ್ಕದ್ದು. ಹಿತ್ತಲಿನ ಚೆಲುವು ಹಳ್ಳಕ್ಕೆ ಹೊರೆಯಾಗಬಾರದು.