‘ಹಾಲು’ ಸಂಸ್ಕೃತದ್ದೋ, ತಮಿಳಿನದೋ? ಫಾರ್ವರ್ಡ್ ಮಾಡುವ ಮುನ್ನ ಓದಿ

‘ಕನ್ನಡ ಹುಟ್ಟಿದ್ದು ಸಂಸ್ಕೃತದಿಂದ’ ಎಂದು ಒಂದು ವಾಟ್ಸಾಪ್ ಗುಂಪಿನಲ್ಲಿ, ‘ತಮಿಳೇ ಕನ್ನಡದ ತಾಯಿ’ ಎಂದು ಇನ್ನೊಂದರಲ್ಲಿ ಸಂದೇಶಗಳು ಆಗಾಗ ಬರುತ್ತವೆ. ಎರಡೂ ತಪ್ಪು. ಅದು ಹೇಗೆಂದು ‘ಹಾಲು’ ಪದದಿಂದ ನೋಡೋಣ.

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲೂಕಿನ ಕೊಹಿನೂರ ಕಡೆ ಕನ್ನಡದ ಜೊತೆ ಮರಾಠಿ, ಉರ್ದು, ತೆಲುಗು ಕೂಡ ಕಿವಿಗೆ ಬೀಳುತ್ತವೆ. ನಮ್ಮ ಹಾಲು ತೆಲುಗಿನಲ್ಲಿ ‘ಪಾಲು’, ತಮಿಳಿನಲ್ಲಿ ‘ಪಾಲ್’. ಮರಾಠಿ, ಉರ್ದುವಿನಲ್ಲಿ ಮಾತ್ರ ‘ದೂಧ್’. ಇದು ಸಂಸ್ಕೃತದ ‘ದುಗ್ಧ’ದ ಬಳಗ.

ಹಳೆಯ ರೂಪ ಹುಡುಕುವುದು ಹೇಗೆ?

ಒಂದು ಪದದ ಹೋಲಿಕೆ ಆಕಸ್ಮಿಕ ಇರಬಹುದು. ಆದರೆ ಹುಲಿ–ಪುಲಿ, ಹಲ್ಲು–ಪಲ್, ಹತ್ತು–ಪತ್ತು ಹೀಗೆ ಕನ್ನಡದ ‘ಹ’ ಇರುವಲ್ಲಿ ತಮಿಳಿನಲ್ಲಿ ‘ಪ’ ಮತ್ತೆ ಮತ್ತೆ ಸಿಗುತ್ತದೆ. ಹಳಗನ್ನಡದಲ್ಲೂ ‘ಪಾಲ್’ ಎಂದೇ ಇತ್ತು. ಸುಮಾರು 10ನೇ ಶತಮಾನದಿಂದ ಪದದ ಮೊದಲಿನ ‘ಪ’ ಕ್ರಮೇಣ ‘ಹ’ ಆಯಿತು. ಹಾಗಾಗಿ ಮೂಲ ದ್ರಾವಿಡ ರೂಪ *ಪಾಲ್ ಎನ್ನುತ್ತಾರೆ. ಆ ನಕ್ಷತ್ರ ಚಿಹ್ನೆಯ ಅರ್ಥ: ಇದು ತರ್ಕದಿಂದ ಕಟ್ಟಿದ ರೂಪ, ಯಾವ ಶಾಸನದಲ್ಲೂ ಸಿಕ್ಕಿದ್ದಲ್ಲ.

ವಿಭಕ್ತಿಯೂ ಸಾಕ್ಷಿ ಹೇಳುತ್ತದೆ. ಹಾಲಿಗೆ, ಮರಕ್ಕೆ ಎಂಬಲ್ಲಿನ ‘ಗೆ/ಕ್ಕೆ’ಯ ಜೋಡಿ ತಮಿಳಿನ ‘ಪಾಲುಕ್ಕು’, ತೆಲುಗಿನ ‘ಪಾಲಕು’. ಮರಾಠಿಯಲ್ಲಿ ‘ದುಧಾಲಾ’. ಭಾಷೆಗಳು ಪದಗಳನ್ನು ಸುಲಭವಾಗಿ ಸಾಲ ಪಡೆಯುತ್ತವೆ, ವಿಭಕ್ತಿ ಪ್ರತ್ಯಯಗಳನ್ನು ಅಪರೂಪಕ್ಕೆ. ಕನ್ನಡದಲ್ಲಿ ಸಂಸ್ಕೃತ ಪದಗಳು ಬಹಳ ಇದ್ದರೂ ಅದು ಬೇರೆ ಕುಟುಂಬದ ಭಾಷೆ ಎನ್ನುವುದು ಇದಕ್ಕೇ.

ಹಾಗಾದರೆ ತಮಿಳು ತಾಯಿಯೇ?

ಅಲ್ಲ. ‘ಕಿವಿ’ ನೋಡಿ. ತಮಿಳಿನಲ್ಲಿ ‘ಸೆವಿ’, ತೆಲುಗಿನಲ್ಲಿ ‘ಚೆವಿ’. ಇಲ್ಲಿ ಹಳೆಯ ‘ಕ’ವನ್ನು ಉಳಿಸಿಕೊಂಡದ್ದು ಕನ್ನಡ, ಬದಲಾದದ್ದು ಉಳಿದೆರಡು. ಒಂದೊಂದು ಭಾಷೆ ಒಂದೊಂದನ್ನು ಉಳಿಸಿಕೊಂಡಿದೆ. ಅಂದರೆ ಇವು ಅಕ್ಕತಂಗಿಯರು.

ಇದೇ ವಿಧಾನ ಯುರೋಪಿನಲ್ಲೂ ಇದೆ. ಹಾಲಿಗೆ ರಷ್ಯನ್‌ನಲ್ಲಿ ‘ಮೊಲೊಕೊ’, ಪೋಲಿಶ್‌ನಲ್ಲಿ ‘ಮ್ಲೆಕೊ’. ಇವುಗಳಿಂದ ಮೂಲ ಸ್ಲಾವಿಕ್ *ಮೆಲ್ಕೊ ಕಟ್ಟಿದ್ದಾರೆ. ದಕ್ಷಿಣದ ಭಾಷೆಗಳು ಪ್ರತ್ಯೇಕ ಕುಟುಂಬವೆಂದು ಎಲ್ಲಿಸ್ 1816ರಲ್ಲೇ ವಾದಿಸಿದ್ದರು. ಕಾಲ್ಡ್‌ವೆಲ್ 1856ರಲ್ಲಿ ವಿವರವಾಗಿ ತೋರಿಸಿದರು.

ಮುಂದಿನ ಸಲ ಒಂದೆರಡು ಪದಗಳ ಹೋಲಿಕೆ ತೋರಿಸಿ ‘ತಾಯಿ ಭಾಷೆ’ ಎನ್ನುವ ಸಂದೇಶ ಬಂದರೆ ಎರಡು ಪ್ರಶ್ನೆ ಕೇಳಿ: ಈ ಬದಲಾವಣೆ ಬೇರೆ ಪದಗಳಲ್ಲೂ ಇದೆಯೇ? ವಿಭಕ್ತಿ ಹೊಂದುತ್ತದೆಯೇ? ಉತ್ತರ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.